ತಪ್ಪಿನ ಪುಸ್ತಕ

ಪರೀಕ್ಷೆಗೆ ಇನ್ನು ಮೂರು ವಾರ ಇತ್ತು. ವಿಜ್ಞಾನದ ಮೇಷ್ಟ್ರು ಅವತ್ತು ಬರಿಗೈಯಲ್ಲಿ ತರಗತಿಗೆ ಬಂದರು. "ಪುಸ್ತಕ ಎಲ್ಲಾ ಬ್ಯಾಗಿಗೆ ಹಾಕಿ. ಒಂದು ಬಿಳಿ ಹಾಳೆ ತೆಗೀರಿ" ಎಂದರು. ಟೆಸ್ಟ್ ಇರಬೇಕು ಎಂದು ನಮಗೆಲ್ಲ ಎದೆ ಡವಗುಟ್ಟಿತು. ಬೋರ್ಡಿನ ಮೇಲೆ ಅವರು ಬರೆದದ್ದು ಎರಡೇ ಪದ: ದ್ರವ್ಯರಾಶಿ, ತೂಕ. "ಇವೆರಡರ ಬಗ್ಗೆ ಗೊತ್ತಿರೋದನ್ನ ಬರೀರಿ. ಮಾರ್ಕ್ಸ್ ಏನೂ ಇಲ್ಲ."

ನನಗೆ ಒಳಗೊಳಗೇ ಖುಷಿ. ಆ ಪಾಠವನ್ನು ನಾಲ್ಕು ಸಲ ಓದಿದ್ದೆ, ಗೆರೆ ಎಳೆದು ಪುಟವನ್ನೇ ಬಣ್ಣ ಮಾಡಿದ್ದೆ. ಎರಡೂ ವ್ಯಾಖ್ಯೆಗಳನ್ನು ಒಂದಕ್ಷರ ಬಿಡದೆ ಬರೆದೆ. ಮೇಷ್ಟ್ರು ನನ್ನ ಬೆಂಚಿನ ಹತ್ತಿರ ನಿಂತರು.

"60 ಕೆಜಿ ದ್ರವ್ಯರಾಶಿ ಇರೋ ಮನುಷ್ಯನ ತೂಕ ಎಷ್ಟಪ್ಪಾ?"

"60 ಕೆಜಿ, ಸರ್."

"ಚಂದ್ರನ ಮೇಲೆ?"

"10 ಕೆಜಿ."

"ಮತ್ತೆ ಉಳಿದ 50 ಕೆಜಿ ಮನುಷ್ಯ ಎಲ್ಲಿ ಹೋದ?"

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಉತ್ತರ ಗೊತ್ತಿರಲಿಲ್ಲ. ದ್ರವ್ಯರಾಶಿ ಎಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ, ತೂಕ ಎಂದರೆ ಅದನ್ನು ಗುರುತ್ವ ಎಳೆಯುವ ಬಲ ಎಂದು ನನ್ನ ಹಾಳೆಯಲ್ಲೇ ಬರೆದಿದ್ದೆ. ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ ಎಂಬುದೂ ಗೊತ್ತಿತ್ತು. ಎರಡನ್ನೂ ಒಂದಕ್ಕೊಂದು ಜೋಡಿಸಿ ನೋಡಿರಲಿಲ್ಲ, ಅಷ್ಟೇ. 60 ಅನ್ನು ಭೂಮಿಯ ಗುರುತ್ವ ವೇಗೋತ್ಕರ್ಷವಾದ 9.8ರಿಂದ ಗುಣಿಸಿದರೆ 588 ನ್ಯೂಟನ್. ಚಂದ್ರನ ಮೇಲೆ ಅದರ ಆರನೇ ಒಂದು ಭಾಗದಷ್ಟು, ಅಂದರೆ 100 ನ್ಯೂಟನ್‌ಗಿಂತ ಸ್ವಲ್ಪ ಕಡಿಮೆ. ಮನುಷ್ಯ ಮಾತ್ರ ಎರಡೂ ಕಡೆ 60 ಕೆಜಿಯೇ. ತಪ್ಪು ಪೂರ್ತಿ ನನ್ನದೇ ಎಂದು ಈಗಲೂ ಒಪ್ಪಲಾರೆ. ತೂಕದ ಯಂತ್ರದ ಮೇಲೇ ಕೆಜಿ ಎಂದು ಬರೆದಿರುವಾಗ ಹುಡುಗರು ಇನ್ನೇನು ಹೇಳ್ತಾರೆ, ಅಲ್ವಾ?

ಅವತ್ತಿನಿಂದ ಓದುವ ರೀತಿ ಬದಲಾಯಿತು. ದಿನಾ ಸಂಜೆ ಒಂದು ವಿಷಯ, ಒಂದು ಖಾಲಿ ಹಾಳೆ. ಮೊದಲು ಪುಸ್ತಕ ಮುಚ್ಚಿ ಬರೆಯುವುದು, ಆಮೇಲೆ ತೆರೆದು ನೋಡುವುದು. ತಪ್ಪಿದ್ದನ್ನು ಮಾತ್ರ ಒಂದು ಸಣ್ಣ ನೋಟ್‌ಬುಕ್ಕಿಗೆ ಇಳಿಸುವುದು. ಅದಕ್ಕೆ ನಾವು 'ತಪ್ಪಿನ ಪುಸ್ತಕ' ಎಂದು ಹೆಸರಿಟ್ಟೆವು. ಮೊದಲ ವಾರದಲ್ಲೇ ನನ್ನದು ಅರ್ಧ ತುಂಬಿತ್ತು.

ಅದರಲ್ಲಿ ರಸಾಯನಶಾಸ್ತ್ರದ ಪಾಲೇ ಜಾಸ್ತಿ. ಸಮೀಕರಣ ಸರಿದೂಗಿಸುವುದು ನನಗೆ ಬರೀ ಅಂಕಿಗಳ ಆಟವಾಗಿತ್ತು. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರು. ಎಡಗಡೆ ಆಕ್ಸಿಜನ್ ಪರಮಾಣು ಎರಡು, ಬಲಗಡೆ ಒಂದು. ನಾನು 'ಎಚ್ ಟೂ ಓ' ಪಕ್ಕದಲ್ಲಿ ಕೆಳಗೆ ಇನ್ನೊಂದು ಎರಡು ಸೇರಿಸಿಬಿಟ್ಟೆ. ಲೆಕ್ಕ ಸರಿಹೋಯಿತು, ನೀರು ಹೋಯಿತು! ಮೇಷ್ಟ್ರು ಹಾಳೆ ನೋಡಿ, "ಬಾಯಾರಿದೋರಿಗೆ ಹೈಡ್ರೋಜನ್ ಪೆರಾಕ್ಸೈಡ್ ಕೊಡ್ತೀಯೇನೋ?" ಎಂದರು. ಕೆಳಗಿನ ಅಂಕಿ ಒಂದು ಅಣುವಿನಲ್ಲಿ ಎಷ್ಟು ಪರಮಾಣು ಇವೆ ಎಂದು ಹೇಳುತ್ತದೆ. ಅದನ್ನು ಮುಟ್ಟಿದರೆ ವಸ್ತುವೇ ಬೇರೆ ಆಗುತ್ತದೆ. ಬದಲಾಯಿಸಬಹುದಾದದ್ದು ಮುಂದಿನ ಅಂಕಿ ಮಾತ್ರ: ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು, ಎರಡು ನೀರಿನ ಅಣು.

ಮೋಲ್ ಕೂಡ ಹಾಗೇ. ಒಂದು ಮೋಲ್ ಎಂದರೆ 6.022 × 10²³ ಕಣಗಳು ಎಂದು ನಿದ್ದೆಯಲ್ಲೂ ಹೇಳುತ್ತಿದ್ದೆ. ಅದು ಯಾಕೆ ಬೇಕು ಎಂದು ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದೆ. ಪರಮಾಣುಗಳನ್ನು ಕೂತು ಎಣಿಸಲು ಆಗುವುದಿಲ್ಲ, ತೂಗಲು ಆಗುತ್ತದೆ. ತೂಗಿದ್ದನ್ನು ಎಣಿಕೆಗೆ ತರಲು ಮೋಲ್ ಬೇಕು. 18 ಗ್ರಾಂ ನೀರು ಒಂದು ಮೋಲ್. ನಾಲ್ಕು ಟೀ ಚಮಚಕ್ಕೂ ಸ್ವಲ್ಪ ಕಡಿಮೆ ನೀರಿನಲ್ಲಿ ಅಷ್ಟು ಅಣುಗಳು! ಇದು ತಲೆಗೆ ಹೋದ ದಿನ ರಾತ್ರಿ ಸುಮ್ನೆ ಲೋಟದ ನೀರು ನೋಡುತ್ತಾ ಕೂತಿದ್ದೆ.

ಗೆಳೆಯನ ಜೊತೆ ದೊಡ್ಡ ಜಗಳ ಆದದ್ದು ಮೆಗ್ನೀಸಿಯಮ್ ಲೋಹ ಸುಟ್ಟರೆ ಭಾರ ಹೆಚ್ಚುತ್ತದೆ ಎಂಬ ವಿಷಯಕ್ಕೆ. "ಸುಟ್ಟ ಮೇಲೆ ಬೂದಿ ಹಗುರ ಆಗಬೇಕಲ್ವಾ? ಕಟ್ಟಿಗೆ ನೋಡು" ಎಂದು ಅವನ ವಾದ. ಕಟ್ಟಿಗೆ ಉರಿದಾಗ ಇಂಗಾಲದ ಡೈಆಕ್ಸೈಡ್, ನೀರಾವಿ ಎಲ್ಲ ಗಾಳಿಗೆ ಹೋಗುತ್ತವೆ, ಉಳಿದ ಬೂದಿ ಹಗುರ. ಮೆಗ್ನೀಸಿಯಮ್ ಹಾಗಲ್ಲ, ಆಕ್ಸಿಜನ್ ಅನ್ನು ಹಿಡಿದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. 24 ಗ್ರಾಂ ಮೆಗ್ನೀಸಿಯಮ್‌ಗೆ 16 ಗ್ರಾಂ ಆಕ್ಸಿಜನ್ ಸೇರಿ 40 ಗ್ರಾಂ ಬಿಳಿ ಪುಡಿ. ಇಷ್ಟು ಹೇಳಲು ನನಗೆ ಎರಡು ದಿನ ಹಿಡಿಯಿತು, ಯಾಕೆಂದರೆ ಮೊದಲ ದಿನ ನಾನೂ ಅವನ ಕಡೆಯೇ ಇದ್ದೆ.

ವಿದ್ಯುತ್ತಿನಲ್ಲಿ ನನ್ನ ಶತ್ರು ಸಮಾಂತರ ಜೋಡಣೆ. 6 ಓಮ್, 3 ಓಮ್ ರೋಧಕಗಳನ್ನು ವಿದ್ಯುತ್ತಿಗೆ ಎರಡು ಬೇರೆ ದಾರಿಗಳಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಸೂತ್ರದ ಪ್ರಕಾರ ಆರನೇ ಒಂದು, ಮೂರನೇ ಒಂದು ಕೂಡಿದರೆ ಅರ್ಧ. ಅಲ್ಲಿಗೇ ನಿಲ್ಲಿಸಿ 'ಅರ್ಧ ಓಮ್' ಎಂದು ಬರೆಯುತ್ತಿದ್ದೆ, ತಿರುವಿ ಹಾಕಬೇಕು ಎಂಬುದು ಮರೆತೇ ಹೋಗುತ್ತಿತ್ತು. ಮೇಷ್ಟ್ರು ಸೂತ್ರವನ್ನು ಪಕ್ಕಕ್ಕಿಡಿಸಿದರು. "6 ವೋಲ್ಟ್ ಕೊಟ್ಟು ನೋಡು." ಒಂದರಲ್ಲಿ 1 ಆಂಪಿಯರ್, ಇನ್ನೊಂದರಲ್ಲಿ 2, ಒಟ್ಟು 3. ಆರನ್ನು ಮೂರರಿಂದ ಭಾಗಿಸಿದರೆ 2 ಓಮ್. ಆಮೇಲೆ ಈ ಲೆಕ್ಕ ತಪ್ಪಲಿಲ್ಲ. ಕನ್ನಡಿ, ಮಸೂರಗಳ ಲೆಕ್ಕದ ಪ್ಲಸ್, ಮೈನಸ್ ಚಿಹ್ನೆಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಚಿತ್ರ ಬರೆಯದೆ ಲೆಕ್ಕಕ್ಕೆ ಕೈ ಹಾಕಿದಾಗಲೆಲ್ಲ ಕೆಟ್ಟೆ. ಆದರೆ ಮೊದಲ 20 ಧಾತುಗಳನ್ನು ಹಾಡಿನಂತೆ ಬಾಯಿಪಾಠ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ. ಕೆಲವನ್ನು ಬಾಯಿಪಾಠವೇ ಮಾಡಬೇಕು.

ಪರೀಕ್ಷೆಯಲ್ಲಿ ತೂಕದ ಲೆಕ್ಕ ಬಂತು. ನ್ಯೂಟನ್ ಎಂದು ದಪ್ಪಕ್ಷರದಲ್ಲಿ ಬರೆದೆ. ಆ ಸಂಭ್ರಮದಲ್ಲಿ ಮುಂದಿನ ಲೆಕ್ಕದ ಏಕಮಾನ ಎಡವಿತು. ಹೊರಗೆ ಬಂದು ಮೇಷ್ಟ್ರಿಗೆ ಹೇಳಿದೆ.

"ಪುಸ್ತಕದಲ್ಲಿ ಬರ್ಕೋ" ಎಂದರು.

"ಪರೀಕ್ಷೆ ಮುಗೀತಲ್ಲಾ ಸರ್?"

ಅವರು ಏನೂ ಹೇಳದೆ ನನ್ನ ಮುಖ ನೋಡಿದರು. ಸಂಜೆ ಬರೆದುಕೊಂಡೆ. ಆ ನೋಟ್‌ಬುಕ್ಕಿನ ಕೊನೆಯ ಸಾಲು ಅದೇ: "ಸಾಂದ್ರತೆ. ಬರೀ ಗ್ರಾಂ ಅಂತ ಬರೆದೆ. ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಅಂತ ಬರೆಯಬೇಕಿತ್ತು."