ಆಟಗಾರರೇ ಅಂಗಡಿಕಾರರಾದ ಕಾಲ: ವಿಕ್ಟೋರಿಯಾ ಯುಗದ ಕ್ರಿಕೆಟ್ ಸಾಮಾನುಗಳು

1855ರಲ್ಲಿ ಲಂಡನ್ನಿನ ಲೀಸ್ಟರ್ ಸ್ಕ್ವೇರ್ ಸಮೀಪದ ನ್ಯೂ ಕೊವೆಂಟ್ರಿ ಬೀದಿಯಲ್ಲಿ ಜಾನ್ ವಿಸ್ಡನ್ ಮತ್ತು ಫ್ರೆಡ್ ಲಿಲ್ಲಿವೈಟ್ ಪಾಲುದಾರಿಕೆಯಲ್ಲಿ ಒಂದು ಅಂಗಡಿ ತೆರೆದರು. ಕ್ರಿಕೆಟ್ ಸಾಮಾನುಗಳ ಜೊತೆಗೆ ಅಲ್ಲಿ ಚುರುಟೂ ಸಿಗುತ್ತಿತ್ತು. ವಿಸ್ಡನ್ ಆಗ ಇಂಗ್ಲೆಂಡಿನ ಹೆಸರಾಂತ ಬೌಲರ್. 1850ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ನಡೆದ ಉತ್ತರ–ದಕ್ಷಿಣ ಪಂದ್ಯದ ಒಂದೇ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್ಟುಗಳನ್ನು, ಹತ್ತನ್ನೂ ಬೌಲ್ಡ್ ಮಾಡಿಯೇ, ಪಡೆದಿದ್ದವರು. ಫ್ರೆಡ್ ಸ್ವತಃ ದೊಡ್ಡ ಆಟಗಾರರಲ್ಲ. ಆದರೆ ಅವರ ತಂದೆ ವಿಲಿಯಂ ಲಿಲ್ಲಿವೈಟ್, ಭುಜದೆತ್ತರಕ್ಕೆ ತೋಳು ಚಾಚಿ ಎಸೆಯುವ ರೌಂಡ್‌ಆರ್ಮ್ ಬೌಲಿಂಗನ್ನು ಕ್ರಿಕೆಟ್ಟಿನಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖರು. ಆ ಕಾಲದ ಕ್ರೀಡಾ ಸಾಮಾನುಗಳ ವ್ಯಾಪಾರದ ಬಗ್ಗೆ ಓದುತ್ತಾ ಹೋದಂತೆ ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಇಂಥ ಅಂಗಡಿಗಳ ಮುಂದೆಯೇ, ಏಕೆಂದರೆ ಅವುಗಳ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಮೈದಾನದಲ್ಲಿ ಬೆವರು ಹರಿಸಿ ಬಂದವರು.

ಅವರು ವ್ಯಾಪಾರಕ್ಕಿಳಿದದ್ದಕ್ಕೆ ಬಲವಾದ ಕಾರಣವಿತ್ತು. ಹಣ ಪಡೆದು ಆಡುವ ವೃತ್ತಿಪರ ಆಟಗಾರನಿಗೆ ಪಂದ್ಯಕ್ಕಿಷ್ಟು ಎಂದು ಸಂಭಾವನೆ ದೊರೆಯುತ್ತಿತ್ತೇ ಹೊರತು ಚಳಿಗಾಲದ ಆದಾಯಕ್ಕಾಗಲಿ, ಕಣ್ಣು ಮಂದವಾಗಿ ಕೀಲು ಸಡಿಲಗೊಂಡ ಮೇಲಿನ ಬದುಕಿಗಾಗಲಿ ಯಾವ ಆಧಾರವೂ ಇರಲಿಲ್ಲ. ಶ್ರೀಮಂತ ಹವ್ಯಾಸಿಗಳಿಗೆ ಜಮೀನು, ಪದವಿ, ಮನೆತನಗಳಿದ್ದವು. ಇವರಿಗಿದ್ದದ್ದು ಆಟದಿಂದ ಬಂದ ಹೆಸರೊಂದೇ. ಕೆಲವರು ಆ ಹೆಸರಿನ ಬಲದಿಂದ ಪಾನಗೃಹ ತೆರೆದರು, ಇನ್ನು ಕೆಲವರು ಬ್ಯಾಟು ಚೆಂಡುಗಳ ಅಂಗಡಿ ಇಟ್ಟರು. ಕೊಳ್ಳುವವನ ಕಡೆಯಿಂದ ನೋಡಿದರೂ ಆ ಹೆಸರಿಗೆ ಬೆಲೆಯಿತ್ತು. ಬ್ಯಾಟು ಗಟ್ಟಿಯೋ ಟೊಳ್ಳೋ ಎಂಬುದು ಆಡಿದ ಮೇಲಷ್ಟೇ ತಿಳಿಯುವ ಸಂಗತಿ. ಹಾಗಿರುವಾಗ ದೂರದ ಹಳ್ಳಿಯ ಕ್ಲಬ್ಬಿನ ಕಾರ್ಯದರ್ಶಿ ಕಾಗದ ಬರೆದು ಸಾಮಾನು ತರಿಸಿಕೊಳ್ಳಬೇಕಾದರೆ, ಮರದ ಗುಣ ಬಲ್ಲವರೇ ಅದನ್ನು ಆರಿಸಿದ್ದಾರೆಂಬ ನಂಬಿಕೆ ಬೇಕಿತ್ತು. ರೈಲು ಮಾರ್ಗಗಳು ಹಬ್ಬಿದ್ದರಿಂದಲೂ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದದ್ದರಿಂದಲೂ ಇಂಥ ವ್ಯಾಪಾರ ಸುಲಭವಾಯಿತು. 1883ರಲ್ಲಿ ಪಾರ್ಸೆಲ್ ಅಂಚೆ ಆರಂಭವಾದಾಗ ಅದರ ತೂಕದ ಮಿತಿ 7 ಪೌಂಡು. ಎರಡು ಪೌಂಡಿಗೆ ತುಸು ಹೆಚ್ಚು ತೂಗುವ ಬ್ಯಾಟು ಆ ಮಿತಿಯೊಳಗೆ ಸಲೀಸಾಗಿ ಬರುತ್ತಿತ್ತು.

ವಿಸ್ಡನ್ ಮತ್ತು ಫ್ರೆಡ್ ಅವರ ಪಾಲುದಾರಿಕೆ ಕೆಲವೇ ವರ್ಷಗಳಲ್ಲಿ ಮುರಿದುಬಿತ್ತು. ಆ ಬಳಿಕ ನಡೆದ ಪೈಪೋಟಿಯಿಂದ ಕ್ರಿಕೆಟ್ಟಿಗೆ ಆದ ಲಾಭ ಸಣ್ಣದಲ್ಲ. ಫ್ರೆಡ್ 1849ರಿಂದಲೇ ಆಟಗಾರರಿಗಾಗಿ ವಾರ್ಷಿಕ ಕೈಪಿಡಿಯೊಂದನ್ನು ಹೊರತರುತ್ತಿದ್ದರು. ಪಂದ್ಯ ನಡೆಯುವಲ್ಲಿಗೇ ಮುದ್ರಣಯಂತ್ರವನ್ನು ಒಯ್ದು, ಡೇರೆ ಹಾಕಿ, ಅಂಕಪಟ್ಟಿಯನ್ನು ಅಚ್ಚುಹಾಕಿ ಮಾರುತ್ತಿದ್ದರು. 1859ರಲ್ಲಿ ಇಂಗ್ಲೆಂಡಿನ ತಂಡ ಉತ್ತರ ಅಮೆರಿಕಕ್ಕೆ ಹೋದಾಗ ಆ ಯಂತ್ರವೂ ಹಡಗು ಹತ್ತಿತ್ತು. 1864ರಲ್ಲಿ ವಿಸ್ಡನ್ ತಮ್ಮದೇ ವಾರ್ಷಿಕ ಹೊತ್ತಗೆಯನ್ನು ಒಂದು ಶಿಲಿಂಗ್ ಬೆಲೆಗೆ ಮಾರಾಟಕ್ಕಿಟ್ಟರು. 112 ಪುಟಗಳ ಆ ಮೊದಲ ಸಂಚಿಕೆಯಲ್ಲಿ ಪಂದ್ಯಗಳ ಅಂಕಪಟ್ಟಿಗಳಷ್ಟೇ ಅಲ್ಲದೆ ಕಾಲುವೆಗಳ ಉದ್ದ, ಕುದುರೆ ಜೂಜಿನಲ್ಲಿ ಗೆದ್ದವರ ಪಟ್ಟಿ, ಒಂದನೇ ಚಾರ್ಲ್ಸ್ ದೊರೆಯ ವಿಚಾರಣೆಯ ಪ್ರಸ್ತಾಪವೂ ಇದ್ದವು. ಮರುವರ್ಷವೇ ಜಾನ್ ಲಿಲ್ಲಿವೈಟ್ ಅವರ ವಾರ್ಷಿಕವೂ ಬಂದಿತು. ಈ ಜಾನ್ ಫ್ರೆಡ್ಡರ ಸಹೋದರ. ಯೂಸ್ಟನ್ ಸ್ಕ್ವೇರ್ ಬಳಿಯ ಸೇಮೋರ್ ಬೀದಿಯಲ್ಲಿ ಅವರಿಗೂ ಕ್ರಿಕೆಟ್ ಸಾಮಾನುಗಳ ಮಳಿಗೆಯಿತ್ತು. ಇನ್ನೊಬ್ಬ ಸಹೋದರ ಜೇಮ್ಸ್ ಹೇಮಾರ್ಕೆಟ್ ಬೀದಿಯಲ್ಲಿ ಅಂಗಡಿ ಇಟ್ಟರು. ಕ್ರಿಕೆಟ್ಟಿನ ಅಂಕಿ–ಅಂಶಗಳ ಪರಂಪರೆಯನ್ನು ಗೌರವದಿಂದ ಕಾಣುವ ನಾವು, ಅದನ್ನು ವರ್ಷ ತಪ್ಪದೆ ಬರೆದಿಟ್ಟವರಲ್ಲಿ ಬ್ಯಾಟಿಗೆ ಗಿರಾಕಿ ಹುಡುಕುತ್ತಿದ್ದ ವರ್ತಕರೂ ಇದ್ದರು ಎಂಬುದನ್ನು ನೆನೆಯಬೇಕು. ಸರಕಿನ ಜಾಹೀರಾತು ಮತ್ತು ಆಟದ ಚರಿತ್ರೆ ಒಂದೇ ರಟ್ಟಿನೊಳಗೆ ಹೊಲಿಯಲ್ಪಟ್ಟವು. ಇದರಿಂದ ಚರಿತ್ರೆಯ ಘನತೆಗೇನೂ ಕುಂದಾಯಿತೆಂದು ನಾನು ಭಾವಿಸುವುದಿಲ್ಲ.

ಇನ್ನು ಸರಕಿನ ವಿಚಾರ. ಬ್ಯಾಟಿನ ಅಗಲ ನಾಲ್ಕೂಕಾಲು ಇಂಚನ್ನು ಮೀರಬಾರದೆಂಬ ನಿಯಮ ಹದಿನೆಂಟನೆಯ ಶತಮಾನದ್ದು. ಉದ್ದ 38 ಇಂಚನ್ನು ಮೀರಬಾರದೆಂದು 1835ರಲ್ಲಿ ಸೇರಿತು. ಆ ಅಳತೆಯೊಳಗೆ ಏನು ಮಾಡಬಹುದೆಂಬುದು ಕುಶಲಕರ್ಮಿಯ ಜಾಣ್ಮೆಗೆ ಬಿಟ್ಟ ವಿಷಯವಾಗಿತ್ತು. ಹಿಂದಿನ ಬ್ಯಾಟುಗಳನ್ನು ಅಲಗು ಹಿಡಿ ಎರಡೂ ಸೇರಿದಂತೆ ಒಂದೇ ವಿಲೋ ಮರದ ತುಂಡಿನಿಂದ ಕೆತ್ತುತ್ತಿದ್ದರು. ವೇಗದ ಚೆಂಡು ತಾಗಿದಾಗ ಅದರ ಜುಮ್ಮು ನೇರವಾಗಿ ಮಣಿಕಟ್ಟಿಗೆ ಏರುತ್ತಿತ್ತು, ಹಿಡಿ ಮುರಿದರೆ ಇಡೀ ಬ್ಯಾಟೇ ವ್ಯರ್ಥವಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಅಲಗಿನ ಮೇಲ್ತುದಿಯಲ್ಲಿ ವಿ ಆಕಾರದ ಕಚ್ಚು ಕೊರೆದು, ಬೇರೆಯಾಗಿ ಸಿದ್ಧಪಡಿಸಿದ ಹಿಡಿಯನ್ನು ಬೆಣೆಯಂತೆ ಅದರೊಳಕ್ಕೆ ಕೂರಿಸಿ ಅಂಟುಹಾಕುವ ಪದ್ಧತಿ ಬೆಳೆಯಿತು. ಆ ಹಿಡಿಗೆ ಬೆತ್ತವನ್ನು ಬಳಸಿದ ಹೆಗ್ಗಳಿಕೆ ನಾಟಿಂಗ್‌ಹ್ಯಾಮ್‌ಷೈರಿನ ಆಟಗಾರ ಥಾಮಸ್ ನಿಕ್ಸನ್ ಅವರಿಗೆ ಸಲ್ಲುತ್ತದೆ. ಸೀಳಿದ ಬೆತ್ತದ ಪಟ್ಟಿಗಳನ್ನು ಜೋಡಿಸಿ, ಮುಂದೆ ಅವುಗಳ ನಡುವೆ ತಿಮಿಂಗಿಲದ ಬಾಯೆಲುಬಿನ ಅಥವಾ ರಬ್ಬರಿನ ತೆಳು ಪದರ ಇರಿಸಿ, ಮೇಲೆ ಬಿಗಿಯಾಗಿ ದಾರ ಸುತ್ತಿದ ಹಿಡಿಯು ಹೊಡೆತದ ಆಘಾತವನ್ನು ತಾನೇ ನುಂಗುತ್ತಿತ್ತು. 1864ರಲ್ಲಿ ಭುಜಕ್ಕಿಂತ ಮೇಲೆ ತೋಳೆತ್ತಿ ಎಸೆಯುವುದನ್ನು ನಿಯಮವು ಒಪ್ಪಿಕೊಂಡ ಮೇಲಂತೂ ಇಂಥ ಹಿಡಿಯಿಲ್ಲದೆ ಆಡುವುದು ಕಷ್ಟವಾಯಿತು. ಬೌಲರನ ತೋಳು ಮೇಲೇರಿದಂತೆಲ್ಲ ಬ್ಯಾಟು ಕಟ್ಟುವವರ ಕಸುಬು ಬದಲಾಗುತ್ತಾ ಹೋದ ಈ ಸಂಬಂಧ ನನಗೆ ಬಹಳ ಮೆಚ್ಚುಗೆಯಾದದ್ದು.

ಚೆಂಡು ಕೆಂಟ್ ಪ್ರಾಂತದ ಹಳ್ಳಿಗಳ ಕಸುಬು. ಪೆನ್ಸ್‌ಹರ್ಸ್ಟ್‌ನ ಡ್ಯೂಕ್ ಮನೆತನ ಹದಿನೆಂಟನೆಯ ಶತಮಾನದಿಂದಲೂ ಅದಕ್ಕೆ ಹೆಸರುವಾಸಿ. ಕಾರ್ಕ್ ತಿರುಳಿನ ಮೇಲೆ ಉಣ್ಣೆಯ ದಾರವನ್ನು ಬಿಗಿಯಾಗಿ ಸುತ್ತಿ, ಬಡಿದು, ಮತ್ತೆ ಸುತ್ತಿ ಒಳಗುಂಡನ್ನು ಸಿದ್ಧಪಡಿಸುತ್ತಿದ್ದರು. ಕೆಂಪು ಬಣ್ಣ ಹಾಕಿದ ನಾಲ್ಕು ತೊಗಲಿನ ಹೋಳುಗಳನ್ನು ಎರಡು ಬಟ್ಟಲುಗಳಾಗಿ ಜೋಡಿಸಿ, ಅದರ ಮೇಲೆ ಕವಿಸಿ, ಇಕ್ಕಳದಲ್ಲಿ ಹಿಡಿದು, ಮೇಣ ಸವರಿದ ದಾರದಿಂದ ಕೈಯಲ್ಲೇ ಹೊಲಿಯುತ್ತಿದ್ದರು. ದಾರದ ತುದಿಗೆ ಸೂಜಿಯ ಬದಲು ಹಂದಿಯ ಬಿರುಗೂದಲನ್ನು ಹೊಸೆದಿರುತ್ತಿದ್ದರು. ಇಷ್ಟೆಲ್ಲ ಆದ ಮೇಲೂ ಚೆಂಡಿನ ತೂಕ ಐದೂವರೆಯಿಂದ ಐದೂಮುಕ್ಕಾಲು ಔನ್ಸಿನೊಳಗೇ ಇರಬೇಕಿತ್ತು. ಅಂಥ ಕೈಗಳ ಹೆಸರು ಚೆಂಡಿನ ಮೇಲೆ ಇರುತ್ತಿರಲಿಲ್ಲ. ಅಚ್ಚಾಗುತ್ತಿದ್ದದ್ದು ಮಾಲೀಕನ ಹೆಸರು. ಆಟಗಾರರ ಕೀರ್ತಿಯಿಂದ ನಡೆದ ಈ ವ್ಯಾಪಾರದಲ್ಲಿ ನನಗೆ ನೋವೆನಿಸುವ ಕೊರತೆ ಇದು.

ರಕ್ಷಣೆಯ ಸಾಮಾನುಗಳು ನಿಧಾನವಾಗಿ ಬಂದವು. ಫೆಲಿಕ್ಸ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಶಾಲಾಮಾಸ್ತರ ನಿಕೋಲಸ್ ವಾನೋಸ್ಟ್ರಾಕ್ಟ್, ಬೆರಳುಗಳ ಹೊರಮೈಗೆ ರಬ್ಬರಿನ ಕೊಳವೆಗಳನ್ನು ಜೋಡಿಸಿದ ಬ್ಯಾಟಿಂಗ್ ಗ್ಲೌಸನ್ನು ರೂಪಿಸಿದರು. ಚೆಂಡೆಸೆಯುವ ಯಂತ್ರವೊಂದನ್ನೂ ಕಟ್ಟಿದರು. ಕಾಲಿಗೆ ಪ್ಯಾಡು ಬಂತು, ವಿಕೆಟ್ ಕೀಪರನ ಕೈಗೆ ಗ್ಲೌಸು ಬಂತು. ತಲೆಗೆ ಮಾತ್ರ ಬಟ್ಟೆಯ ಟೋಪಿಯೇ ಗತಿಯಾಗಿತ್ತು. 1870ರಲ್ಲಿ ಲಾರ್ಡ್ಸ್‌ನ ಒರಟು ಪಿಚ್ಚಿನಲ್ಲಿ ಪುಟಿದೆದ್ದ ಚೆಂಡು ನಾಟಿಂಗ್‌ಹ್ಯಾಮ್‌ಷೈರಿನ ಜಾರ್ಜ್ ಸಮರ್ಸ್ ಅವರ ಮುಖಕ್ಕೆ ಬಡಿಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅವರ ನಂತರ ಆಡಲು ಬಂದ ರಿಚರ್ಡ್ ಡ್ಯಾಫ್ಟ್ ತಲೆಗೆ ಟವೆಲ್ ಸುತ್ತಿಕೊಂಡು ಬಂದರು. ಅದನ್ನು ಅಪಾಯಕಾರಿ ಪಿಚ್ಚಿನ ವಿರುದ್ಧ ತೋರಿದ ಪ್ರತಿಭಟನೆ ಎಂದೇ ಹೇಳುತ್ತಾರೆ. ಅಂಥ ಸಾವಿನ ಬಳಿಕವೂ ತಲೆಯನ್ನು ಕಾಯುವ ಸಾಧನವೊಂದು ಆ ಅಂಗಡಿಗಳ ಕಪಾಟನ್ನು ಸೇರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಕ್ರಿಕೆಟ್ ಅಂಗಡಿಗಳ ಕಪಾಟಿಗೆ ಬೇರೆ ಆಟಗಳೂ ಬಂದವು. 1874ರಲ್ಲಿ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಲಾನ್ ಟೆನಿಸ್ಸಿನ ಬಲೆ, ಕಂಬ, ರ‍್ಯಾಕೆಟ್ಟು, ಚೆಂಡುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಐದು ಗಿನಿಗಳಿಗೆ ಮಾರಿದರು. ಹುಲ್ಲಿನ ಮೇಲೆ ಪುಟಿಯುವ ರಬ್ಬರ್ ಚೆಂಡು ದೊರೆಯದಿದ್ದರೆ ಆ ಆಟ ಹುಟ್ಟುತ್ತಲೇ ಇರಲಿಲ್ಲ. ಮುಂದೆ ಟೆನಿಸ್ ಸಾಮಾನುಗಳಿಗೆ ಹೆಸರಾದ ಸ್ಲಾಜೆಂಜರ್ ಸಹೋದರರು ಲಂಡನ್ನಿನಲ್ಲಿ ವ್ಯಾಪಾರ ಆರಂಭಿಸಿದ್ದು 1881ರಲ್ಲಿ.

ಆಟಗಾರರ ಅಂಗಡಿಗಳ ನಿಜವಾದ ಬೆಳೆ ತೆಗೆದದ್ದು ನಾಟಿಂಗ್‌ಹ್ಯಾಮ್. ನಾಟಿಂಗ್‌ಹ್ಯಾಮ್‌ಷೈರ್ ತಂಡದ ಆಟಗಾರರಾದ ಆಲ್ಫ್ರೆಡ್ ಶಾ ಮತ್ತು ಆರ್ಥರ್ ಶ್ರೂಸ್‌ಬರಿ ಅಲ್ಲಿ ಜೊತೆಯಾಗಿ ಕ್ರೀಡಾ ಸಾಮಾನುಗಳ ವ್ಯಾಪಾರ ನಡೆಸಿದರು; ಆಸ್ಟ್ರೇಲಿಯಾಕ್ಕೆ ತಂಡಗಳನ್ನು ಕರೆದೊಯ್ದದ್ದಲ್ಲದೆ, 1888ರಲ್ಲಿ ರಗ್ಬಿ ತಂಡವೊಂದನ್ನೂ ಅಲ್ಲಿಗೆ ಮತ್ತು ನ್ಯೂಜಿಲೆಂಡಿಗೆ ಕಳಿಸುವಲ್ಲಿ ಮುಂದಾಳುಗಳಾಗಿದ್ದರು. ಸ್ಟಂಪಿನ ನೇರಕ್ಕೆ ಬೀಳದ ಚೆಂಡನ್ನು ಕಾಲಿನಿಂದ ತಡೆದರೂ ಔಟಾಗದ ನಿಯಮವಿದ್ದ ಆ ದಿನಗಳಲ್ಲಿ, ಪ್ಯಾಡನ್ನು ಎರಡನೆಯ ಬ್ಯಾಟಿನಂತೆ ಬಳಸಿದವರೆಂದು ಶ್ರೂಸ್‌ಬರಿ ಪ್ರಸಿದ್ಧರು. 1885ರಲ್ಲಿ ಅವರ ತಂಡದವರೇ ಆದ ವಿಲಿಯಂ ಗನ್, ಥಾಮಸ್ ಮೂರ್ ಅವರೊಡನೆ ಸೇರಿ ಗನ್ ಅಂಡ್ ಮೂರ್ ಸಂಸ್ಥೆಯನ್ನು ಸ್ಥಾಪಿಸಿದರು. ಎತ್ತರದ ನಿಲುವಿನ, ನೋಡಲು ಸೊಗಸಾದ ಬ್ಯಾಟುಗಾರರಾಗಿದ್ದ ಗನ್ 1890ರಲ್ಲಿ ವೃತ್ತಿಪರ ಆಟಗಾರರ ತಂಡದ ಪರವಾಗಿ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯನ್ನರ ವಿರುದ್ಧ 228 ರನ್ ಗಳಿಸಿದರು. ಬ್ಯಾಟು ಮಾರುವವನಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತನ್ನು ಯಾವ ಪತ್ರಿಕೆಯೂ ಅಚ್ಚುಹಾಕಲಾರದು. ಎಷ್ಟೋ ವೃತ್ತಿಪರರು ಬಡತನದಲ್ಲಿ ಕಣ್ಣುಮುಚ್ಚಿದ ಕಾಲದಲ್ಲಿ ಆಡಿ ಬೆಳೆದ ಗನ್, 1921ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಶ್ರೀಮಂತರಾಗಿದ್ದರು.