ಅಂಗಿ ಎತ್ತಿ ತೋರಿಸಿದ ಅಮ್ಮ

ನಿನ್ನೆ ನೈಟ್ ಡ್ಯೂಟಿ. ರಾತ್ರಿ ಎರಡೂವರೆಗೆ ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಬಂದರು. "ಬರೀ ನೆಗಡಿ ಡಾಕ್ಟ್ರೇ, ಇವಳೇ ಸುಮ್ನೆ ಗಾಬರಿ ಬಿದ್ದಳು" ಅಂತ ಅಪ್ಪ. ಅಮ್ಮ ಮಾತಾಡಲಿಲ್ಲ. ಮಗುವಿನ ಅಂಗಿ ಎತ್ತಿ ತೋರಿಸಿದಳು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

ಮಗುವನ್ನು ಅವಳ ಮಡಿಲಿನಿಂದ ಇಳಿಸಲಿಲ್ಲ. ಮಂಚದ ಮೇಲೆ ಮಲಗಿಸಿದರೆ ಅಳುತ್ತದೆ, ಅತ್ತರೆ ಉಸಿರಿನ ಲೆಕ್ಕ ಕೆಡುತ್ತದೆ. ಸ್ಟೆತ್ ಕೊರಳಲ್ಲೇ ಬಿಟ್ಟು, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 64. ಈ ವಯಸ್ಸಿಗೆ 50 ಮುಟ್ಟಿದರೇ ಜಾಸ್ತಿ. ವರ್ಷ ತುಂಬಿದ ಮೇಲೆ ಐದರವರೆಗೆ 40. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ದೊಡ್ಡವರ ಲೆಕ್ಕ ಇಲ್ಲಿ ನಡೆಯಲ್ಲ. ಎಳೆ ಮಕ್ಕಳ ಉಸಿರು ಒಮ್ಮೆ ಓಡುತ್ತದೆ, ಒಮ್ಮೆ ನಿಂತು ಯೋಚಿಸುತ್ತದೆ.

ತಕ್ಷಣ ಆಕ್ಸಿಜನ್ ಹಾಕಿದೆವು. ಆಮೇಲೆ ತೂಕ, 7.8 ಕೆಜಿ. ತೂಕ ಗೊತ್ತಿಲ್ಲದೆ ಮಕ್ಕಳಿಗೆ ಡೋಸ್ ಬರೆಯುವುದು ಕಷ್ಟ. ಜ್ವರದ ಪ್ಯಾರಾಸಿಟಮಾಲ್ ಕೂಡ ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕ. ಹೊಸದರಲ್ಲಿ ಕ್ಯಾಲ್ಕುಲೇಟರ್ ಒತ್ತುವಾಗ ಬೆರಳು ನಡುಗುತ್ತಿತ್ತು. ಈಗಲೂ ಸಿಸ್ಟರ್ ಹತ್ತಿರ ಇನ್ನೊಮ್ಮೆ ಲೆಕ್ಕ ಹಾಕಿಸುತ್ತೇನೆ, ನಾಚಿಕೆ ಏನಿಲ್ಲ.

ದೊಡ್ಡವರಾದರೆ ಎಲ್ಲಿ ನೋವು ಅಂತ ಹೇಳುತ್ತಾರೆ, ಅಲ್ವಾ? ಇಲ್ಲಿ ಅಮ್ಮನೇ ದುಭಾಷಿ. "ಯಾಕೋ ಇವತ್ತು ಇವನು ಇವನ ಹಾಗಿಲ್ಲ" ಅಂತ ಯಾರಾದರೂ ಅಂದರೆ ನಾನು ವಾದಕ್ಕೆ ಇಳಿಯುವುದಿಲ್ಲ.

ಬೆಳಿಗ್ಗೆ ಆರಕ್ಕೆ ಉಸಿರು 46. ಕೂಸು ನನ್ನ ಐಡಿ ಕಾರ್ಡ್ ಎಳೆದು ಬಾಯಿಗೆ ಹಾಕಿಕೊಂಡಿತು. ಅಪ್ಪ ಮೂರು ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮೊದಲನೆಯದು ಹೆಂಡತಿಗೆ ಕೊಟ್ಟ.