ಮೀಟರಿನಲ್ಲಿ 12, ಬಲ್ಬಿನಲ್ಲಿ 6

ಬಳ್ಳಾರಿಯಿಂದ ತೋರಣಗಲ್ಲಿಗೆ ಹೊರಟ ನನ್ನ ಬೈಕು ಕುಡತಿನಿ ದಾಟಿದ ಮೇಲೆ ಮುಗ್ಗರಿಸಿ ನಿಂತೇ ಹೋಯಿತು. ಏಪ್ರಿಲ್ ಬಿಸಿಲು, ಪಕ್ಕದಲ್ಲಿ ಅದಿರಿನ ಲಾರಿಗಳು. ಸೆಲ್ಫ್ ತಿರುಗುತ್ತಿತ್ತು, ಎಂಜಿನ್ ಹತ್ತುತ್ತಿರಲಿಲ್ಲ.

ಎಫ್‌ಐ, ಅಂದರೆ ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ಟ್ಯಾಂಕಿನೊಳಗೇ ಕೂತಿರುತ್ತದೆ. ಕೀಲಿ ತಿರುವಿದ ಕೂಡಲೇ ಎರಡು ಮೂರು ಸೆಕೆಂಡು ಗುಂಯ್ ಎಂದು ಪ್ರೆಷರ್ ಕಟ್ಟಿ ಸುಮ್ಮನಾಗಬೇಕು. ಆ ಸದ್ದೇ ಇರಲಿಲ್ಲ. ಜಾಲಿಮರದ ನೆರಳಿಗೆ ತಳ್ಳಿಕೊಂಡು ಹೋಗಿ ಕಾದೆ. ಗಾಡಿ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು!

ಊರಿನ ಮೆಕ್ಯಾನಿಕ್ ವಿಷಯ ಕೇಳಿದವನೇ, “ಪಂಪ್ ಹೋಗೈತ್ರಿ, ಅಸೆಂಬ್ಲಿನ ಬದಲಿ ಮಾಡ್ಬೇಕು” ಅಂದ. ಸಾವಿರಗಟ್ಟಲೆ ರೂಪಾಯಿಯ ಮಾತು. ಒಮ್ಮೆ ಓಡಿ ಒಮ್ಮೆ ನಿಲ್ಲುವ ಪಂಪನ್ನು ಸತ್ತಿದೆ ಎನ್ನಲು ನನಗೆ ಮನಸ್ಸಾಗಲಿಲ್ಲ. ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವ ಗೆಳೆಯನ ಅಂಗಡಿಗೆ ಹೋದೆ.

ಫ್ಯೂಸು, ಕಿಲ್ ಸ್ವಿಚ್ಚು ಸರಿಯಿದ್ದವು. ಪಂಪಿಗೆ ತಂತಿ ಜೋಡಿಸುವ ಕಪ್ಲರ್ ಕಳಚಿ ಮಲ್ಟಿಮೀಟರ್ ಹಿಡಿದರೆ ಕೀಲಿ ಹಾಕಿದ ಕ್ಷಣ 12 ವೋಲ್ಟ್ ತೋರಿಸಿ, ಮರುಕ್ಷಣ ಸೊನ್ನೆ. ಗಾಡಿಯ ಕಂಪ್ಯೂಟರು, ಇಸಿಯು, ಅಷ್ಟೇ ಹೊತ್ತು ಕೊಡುವುದು. ಹೀಗೆ ಆಗದೆಂದು ಪಂಪಿಗೆ ಕರೆಂಟು ಬಿಡುವ ರಿಲೇ ಕಿತ್ತು, ಅದರ ಗೂಡಿನ 30 ಮತ್ತು 87ರ ಪಿನ್ನಿಗೆ ವೈರ್ ಕೊಟ್ಟು ಕರೆಂಟು ನಿಲ್ಲದಂತೆ ಮಾಡಿದೆವು. ಆಗಲೂ 12.

“ಬರೇ ಮೀಟರ್ ನಂಬಬ್ಯಾಡ, ಲೋಡ್ ಹಾಕು” ಅಂದ ಗೆಳೆಯ. ಪಂಪಿನ ಜಾಗಕ್ಕೆ 21 ವಾಟಿನ ಇಂಡಿಕೇಟರ್ ಬಲ್ಬು ಸಿಕ್ಕಿಸಿದೆ. ಆರಿಹೋಗುವ ಕೆಂಡದಂತೆ ಮಿಣಮಿಣ ಎಂದಿತು. ಬಲ್ಬಿನ ಎರಡು ತುದಿಗೆ ಬರೀ 6 ವೋಲ್ಟ್. ಮೀಟರಿಗೆ ಬೇಕಾದ ಕರೆಂಟು ಕೂದಲೆಳೆಯಷ್ಟು ಅಂಟಿಕೊಂಡ ತಂತಿಯಲ್ಲೂ ಹರಿಯುತ್ತದೆ. ಪಂಪಿಗೆ ಆಂಪಿಯರ್‌ ಲೆಕ್ಕದಲ್ಲಿ ಬೇಕು.

ಉಳಿದ 6 ಎಲ್ಲಿ? ಬಲ್ಬು ಉರಿಯುತ್ತಿರುವಾಗಲೇ ಪಾಸಿಟಿವ್ ತಂತಿಗೂ ಬ್ಯಾಟರಿಯ ನೆಗೆಟಿವ್‌ಗೂ ಮೀಟರ್ ಹಿಡಿದರೆ ಪೂರ್ತಿ 12. ಆ ಕಡೆಯ ವೈರಿಂಗ್ ಒಂದೇ ಏಟಿಗೆ ಖುಲಾಸೆ. ಕರೆಂಟು ಬ್ಯಾಟರಿಗೆ ಹಿಂದಿರುಗುವ ಅರ್ಥ್ ತಂತಿಗೂ ಬ್ಯಾಟರಿ ನೆಗೆಟಿವ್‌ಗೂ ಸೊನ್ನೆಯ ಹತ್ತಿರ ಇರಬೇಕಾದದ್ದು 6ರ ಹತ್ತಿರ.

ಅರ್ಥ್ ತಂತಿ ಹಿಡಿದುಕೊಂಡು ಹೋದರೆ ಟ್ಯಾಂಕಿನ ಅಡಿ ಇನ್ನೊಂದು ಕಪ್ಲರ್. ಅದರ ಸೀಲಿನ ಸುತ್ತ ಕೆಂಪು ಧೂಳು ಮೆತ್ತಿ ಕೆಸರಾಗಿ ಒಣಗಿತ್ತು. ಒಳಗೆ ಕರಿ ತಂತಿಯ ಪಿನ್ನು ಹಸಿರು ಕಿಲುಬು ಹಿಡಿದು ಬಾಯಿ ಅಗಲಿಸಿಕೊಂಡಿತ್ತು. ವಾಟರ್ ವಾಷಿನವರ ಕೃಪೆ ಇರಬೇಕು.

ಹೊಸ ಪಿನ್ನು ಕ್ರಿಂಪ್ ಮಾಡಿ, ಗ್ರೀಸ್ ಸವರಿ ಜೋಡಿಸಿದೆವು. ಬಲ್ಬು ಕಣ್ಣು ಕುಕ್ಕಿತು. ಬಲ್ಬು ತೆಗೆದು ಪಂಪು ಜೋಡಿಸಿ, ರಿಲೇ ಕೂರಿಸಿ ಕೀಲಿ ತಿರುವಿದರೆ, ಗುಂಯ್. ಗೆಳೆಯ ಆಗಲೇ ಯಾರದೋ ಬೋರ್‌ವೆಲ್ ಮೋಟಾರಿಗೆ ಕೈ ಹಾಕಿದ್ದ.